ದೂರಯಾನದ ಹಾಯಿದೋಣಿಗೆ ಹಗುರವಾದ ಗಟ್ಟಿಮೈಯ ಡಿಂಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಯಿದೋಣಿಯಲ್ಲೇ ತಿಂಗಳುಗಟ್ಟಲೆ ವಾಸಿಸುತ್ತ, ಒಂದು ಲಂಗರುತಾಣದಿಂದ ಇನ್ನೊಂದಕ್ಕೆ ಸಾಗುವವರಿಗೆ ದಡದೊಂದಿಗಿನ ಸಂಪರ್ಕವೆಲ್ಲ ಡಿಂಗಿ ಎಂಬ ಪುಟ್ಟ ದೋಣಿಯ ಮೂಲಕವೇ ನಡೆಯುತ್ತದೆ. ಕುಡಿಯುವ ನೀರಿನ ಡಬ್ಬಿಗಳು, ದಿನಸಿ, ಇಂಧನ, ಒಗೆಯುವ ಬಟ್ಟೆಯ ಗಂಟು, ನಡುರಾತ್ರಿ ವೈದ್ಯರ ಬಳಿಗೆ ಕರೆದೊಯ್ಯಬೇಕಾದ ಸಂಗಾತಿ, ಎಲ್ಲವನ್ನೂ ಹೊರುವುದು ಅದೇ. ಹಾಗಿದ್ದರೂ ತಾಯಿದೋಣಿಯನ್ನು ಕೊಳ್ಳುವಾಗ ವರ್ಷಗಟ್ಟಲೆ ಯೋಚಿಸುವವರು ಡಿಂಗಿಯನ್ನು ಒಂದೇ ಮಧ್ಯಾಹ್ನದಲ್ಲಿ ಆರಿಸಿಬಿಡುವುದುಂಟು. ಆ ಆಯ್ಕೆಯನ್ನು ನಿಧಾನವಾಗಿ, ಅಳೆದು ತೂಗಿ ಮಾಡಬಯಸುವವರಿಗಾಗಿ ಈ ಪ್ರಶ್ನೋತ್ತರವನ್ನು ಬರೆಯಲಾಗಿದೆ.

ಗಾಳಿ ತುಂಬುವ ದೋಣಿಗಳು ಎಲ್ಲೆಡೆ ಕಾಣುತ್ತಿರುವಾಗ ಗಟ್ಟಿಮೈಯ ಡಿಂಗಿಯನ್ನು ಏಕೆ ಆರಿಸಬೇಕು?

ಗಾಳಿ ತುಂಬುವ ದೋಣಿಗೆ ಅದರದೇ ಆದ ಗುಣಗಳಿವೆ, ಅವನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಅದರ ಅಂಚಿನ ಮೇಲೆ ಒಬ್ಬರು ಕುಳಿತರೂ ಅದು ಮಗುಚುವುದಿಲ್ಲ; ಈಜಿ ಬಂದವರು ನೀರಿನಿಂದ ಅದರೊಳಕ್ಕೆ ಸುಲಭವಾಗಿ ಹತ್ತಬಹುದು; ಗಾಳಿ ತೆಗೆದರೆ ಮಡಚಿ ಪೆಟ್ಟಿಗೆಯೊಳಗೆ ಇಡಬಹುದು; ತಾಯಿದೋಣಿಯ ಬಣ್ಣವನ್ನು ಅದು ಕೆರೆಯುವುದಿಲ್ಲ. ದಡದಿಂದ ದೂರದ ಹವಳದ ದಿಬ್ಬಗಳಿಗೆ ನಾಲ್ಕು ಜನ ದಿನವೂ ವೇಗವಾಗಿ ಹೋಗಿಬರಬೇಕಾದರೆ ದೊಡ್ಡ ಎಂಜಿನ್ ಇರುವ ಅಂಥ ದೋಣಿಯೇ ಸರಿಯಾದದ್ದು.

ಆದರೆ ಅದಕ್ಕೆ ಹುಟ್ಟು ಹಾಕುವುದು ಬಹಳ ಕಷ್ಟ. ಉಬ್ಬಿದ ಕೊಳವೆಗಳು ಗಾಳಿಗೆ ಸಿಕ್ಕಿ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತವೆ, ಮೆತ್ತಗಿನ ತಳ ಪ್ರತಿಯೊಂದು ಎಳೆತದ ಶಕ್ತಿಯಲ್ಲೂ ಒಂದು ಪಾಲನ್ನು ನುಂಗುತ್ತದೆ. ಹೀಗಾಗಿ ಎಂಜಿನ್ ಕೆಟ್ಟಾಗ, ಎದುರುಗಾಳಿ ಬಲವಾಗಿದ್ದರೆ, ಅದರಲ್ಲಿ ಕುಳಿತವರು ತಮ್ಮ ದೋಣಿಯನ್ನು ತಲುಪಲಾರದೆ ಹೋಗಬಹುದು. ಪಿವಿಸಿ ಬಟ್ಟೆಯ ಬೆಸುಗೆಗಳು ಉಷ್ಣವಲಯದ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಬಿಡುತ್ತವೆ. ಹೈಪಲಾನ್ ಎಂಬ ರಬ್ಬರು ಲೇಪದ ಬಟ್ಟೆ ಹೆಚ್ಚು ಕಾಲ ಬಾಳಿದರೂ ಚೂಪಾದ ಚಿಪ್ಪು, ತುಕ್ಕು ಹಿಡಿದ ಮೊಳೆ, ಹವಳದ ಅಂಚು ಎರಡಕ್ಕೂ ಶತ್ರುಗಳೇ. ಗಟ್ಟಿಮೈಯ ಡಿಂಗಿಯನ್ನು ಕಲ್ಲುಗಳ ದಡಕ್ಕೆ ಎಳೆದರೆ ಬಣ್ಣ ಹೋಗುತ್ತದೆ, ದೋಣಿ ಉಳಿಯುತ್ತದೆ. ಅದನ್ನು ಹುಟ್ಟಿನಿಂದ ನಡೆಸಬಹುದು, ಸಣ್ಣ ಎಂಜಿನ್‌ನಿಂದ ನಡೆಸಬಹುದು, ಒಂದು ಪುಟ್ಟ ಹಾಯಿ ಕಟ್ಟಿಯೂ ನಡೆಸಬಹುದು. ಈ ಮೂರು ದಾರಿಗಳೂ ತೆರೆದಿರುವುದೇ, ನನ್ನ ದೃಷ್ಟಿಯಲ್ಲಿ, ಅದನ್ನು ಆರಿಸಲು ಅತ್ಯಂತ ಬಲವಾದ ಕಾರಣ.

‘ಹಗುರ’ ಎಂದರೆ ಎಷ್ಟು ಕಿಲೋ?

ತೂಕವನ್ನು ನಿಮ್ಮ ದೋಣಿಯಲ್ಲಿರುವವರ ಪೈಕಿ ಕಡಿಮೆ ಬಲ ಉಳ್ಳವರ ಲೆಕ್ಕದಲ್ಲಿ ತೀರ್ಮಾನಿಸಬೇಕು. 30 ಕಿಲೋಗಿಂತ ಕಡಿಮೆ ತೂಗುವ ಡಿಂಗಿಯನ್ನು ಒಬ್ಬರೇ ಮಗುಚಿ, ಎಳೆದು, ಅಲೆಯ ಗೆರೆಯಿಂದ ಮೇಲಕ್ಕೆ ತರಬಹುದು. 30ರಿಂದ 45 ಕಿಲೋವರೆಗಿನದನ್ನು ಸಾಧಾರಣ ಶಕ್ತಿಯ ಇಬ್ಬರು ಎತ್ತಿ ನಡೆಯಬಹುದು. 50 ಕಿಲೋ ದಾಟಿದರೆ ಮರಳಿನ ಮೇಲೆ ಅದನ್ನು ಹೊರುವ ಬದಲು ಎಳೆಯುವುದು ಶುರುವಾಗುತ್ತದೆ, ಅಥವಾ ಅದಕ್ಕೆ ಗಾಲಿಗಳನ್ನು ಜೋಡಿಸಬೇಕಾಗುತ್ತದೆ. ಅಂದಾಜಿಗೆ ಒಂದು ಪರಿಚಿತ ಅಳತೆ ಬೇಕಾದರೆ, 1947ರಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರಚಿಸಿದ ಆಪ್ಟಿಮಿಸ್ಟ್ ದೋಣಿಯನ್ನು ನೆನೆಯಬಹುದು: ಸುಮಾರು 2.3 ಮೀಟರ್ ಉದ್ದದ ಅದರ ಒಡಲು 35 ಕಿಲೋ ತೂಗುತ್ತದೆ. ಹಾಯಿದೋಣಿಗಳ ಕ್ಲಬ್ಬು ಹತ್ತಿರವಿದ್ದರೆ ಅಂಥದೊಂದನ್ನು ಎತ್ತಿ ನೋಡಿ. ಕಾಗದದ ಮೇಲಿನ ಅಂಕಿಗಿಂತ ಬೆನ್ನು ಹೇಳುವ ಮಾತು ಸ್ಪಷ್ಟವಾಗಿರುತ್ತದೆ.

ತಯಾರಕರು ಹೇಳುವ ತೂಕ ಸಾಮಾನ್ಯವಾಗಿ ಬರಿಯ ಒಡಲಿನದು. ಅದಕ್ಕೆ ಆಸನ, ಹುಟ್ಟುಗಳು, ಅಂಚಿನ ಸುತ್ತಲಿನ ಮೆತ್ತೆ, ಮೂತಿಹಗ್ಗ, ಪುಟ್ಟ ಲಂಗರು, ನೀರು ಮೊಗೆಯುವ ಪಾತ್ರೆ ಇವೆಲ್ಲ ಸೇರಿದಾಗ 8–10 ಕಿಲೋ ಹೆಚ್ಚಾಗುವುದು ಸಹಜ. ಯಾವ ಭಾಗಗಳನ್ನು ಎತ್ತುವ ಮುನ್ನ ಬಿಚ್ಚಿಡಬಹುದು, ಯಾವುವು ಒಡಲಿಗೇ ಅಂಟಿಕೊಂಡಿವೆ ಎಂಬುದನ್ನು ಕೇಳಿ ತಿಳಿಯಿರಿ.

ಉದ್ದ ಎಷ್ಟಿರಬೇಕು?

ಇದಕ್ಕೆ ಉತ್ತರ ದೋಣಿಯ ಅಂಗಡಿಯಲ್ಲಿ ಸಿಗುವುದಿಲ್ಲ, ನಿಮ್ಮ ಡೆಕ್ಕಿನ ಮೇಲೆ ಸಿಗುತ್ತದೆ. ದೂರದ ಕಡಲಿಗೆ ಇಳಿದಾಗ ಡಿಂಗಿ ಡೆಕ್ಕಿನ ಮೇಲೆ ಕವುಚಿಕೊಂಡು, ಬಿಗಿಯಾಗಿ ಕಟ್ಟಿಸಿಕೊಂಡು ಮಲಗಬೇಕು. ಆ ಜಾಗ ಹೆಚ್ಚಿನ ದೋಣಿಗಳಲ್ಲಿ ಎರಡೇ ಕಡೆ ಇರುತ್ತದೆ: ಹಾಯಿಕಂಬದ ಮುಂದೆ, ಅಥವಾ ಕಂಬದ ಹಿಂದೆ, ಹಾಯಿಯ ಬುಡವನ್ನು ಹಿಡಿಯುವ ಬೂಮ್ ಎಂಬ ಅಡ್ಡದಂಡದ ಕೆಳಗೆ. ಆದ್ದರಿಂದ ಯಾವ ಮಾದರಿಯನ್ನೂ ನೋಡುವ ಮೊದಲು ಟೇಪು ಹಿಡಿದು ಆ ಜಾಗವನ್ನು ಅಳೆಯಿರಿ. ಬಳಿಕ ರಟ್ಟಿನಲ್ಲಿ ಡಿಂಗಿಯ ಆಕಾರವನ್ನು ನಿಜವಾದ ಅಳತೆಗೆ ಕತ್ತರಿಸಿ, ಡೆಕ್ಕಿನ ಮೇಲೆ ಹರಡಿ, ಅದರ ಎತ್ತರಕ್ಕೆ ಒಂದು ಕೋಲನ್ನು ನಿಲ್ಲಿಸಿ, ಒಂದಿಡೀ ದಿನ ಅದನ್ನು ಹಾಗೆಯೇ ಬಿಡಿ.

ಆ ದಿನದಲ್ಲಿ ಹಲವು ಸಂಗತಿಗಳು ಬೆಳಕಿಗೆ ಬರುತ್ತವೆ. ಮುಂದಿನ ಕೋಣೆಯ ಬಾಗಿಲು ತೆರೆಯುತ್ತದೆಯೇ, ಏಕೆಂದರೆ ಬೆಂಕಿ ಬಿದ್ದಾಗ ಹೊರಬರುವ ಎರಡನೆಯ ದಾರಿ ಅದೇ. ಚುಕ್ಕಾಣಿ ಹಿಡಿದವರು ಕುಳಿತಲ್ಲಿಂದ ಮುಂದಿನ ನೀರನ್ನು ನೋಡಬಲ್ಲರೇ. ಮುಂದಿನ ಹಾಯಿಯ ಹಗ್ಗಗಳು ಡಿಂಗಿಯ ಮೂಲೆಗೆ ಸಿಕ್ಕಿಕೊಳ್ಳದೆ ಓಡುತ್ತವೆಯೇ. ಬೂಮನ್ನು ಕೆಳಕ್ಕೆ ಎಳೆದು ಹಿಡಿಯುವ ರಾಟೆಗೆ ಜಾಗ ಉಳಿಯುತ್ತದೆಯೇ. ಜೀವರಕ್ಷಕ ತೆಪ್ಪವನ್ನು ಕತ್ತಲಲ್ಲಿ, ದೋಣಿ ವಾಲಿರುವಾಗ, ಡಿಂಗಿಯನ್ನು ಸರಿಸದೆಯೇ ಬಿಡುಗಡೆ ಮಾಡಲು ಸಾಧ್ಯವೇ. ಲಂಗರಿನ ಬಳಿಗೆ ಹೋಗುವವರು ಪಕ್ಕದಲ್ಲಿ ಕಾಲಿಡಲು ಕನಿಷ್ಠ ಒಂದು ಪಾದದ ಅಗಲ ಉಳಿದಿದೆಯೇ. ಇವುಗಳಲ್ಲಿ ಯಾವುದೇ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ಡಿಂಗಿ ನಿಮ್ಮದಲ್ಲ.

10ರಿಂದ 12 ಮೀಟರಿನ ಹಾಯಿದೋಣಿಗಳ ಡೆಕ್ಕಿನಲ್ಲಿ ಸಾಮಾನ್ಯವಾಗಿ 2.1ರಿಂದ 2.6 ಮೀಟರಿನ ಒಂದೇ ತುಂಡಿನ ಡಿಂಗಿ ಹಿಡಿಸುತ್ತದೆ. 2 ಮೀಟರಿಗಿಂತ ಚಿಕ್ಕದಾದರೆ ಅದು ಒಬ್ಬರ ದೋಣಿಯಾಗಿಬಿಡುತ್ತದೆ. 3 ಮೀಟರ್ ದಾಟಿದ ದೋಣಿ ಎಲ್ಲ ರೀತಿಯಿಂದಲೂ ಉತ್ತಮ, ಆದರೆ ಇಡಲು ಜಾಗವಿರಬೇಕು, ಅಥವಾ ಅದು ಎರಡಾಗಿ ಬಿಚ್ಚಿಕೊಳ್ಳುವಂಥದ್ದಾಗಿರಬೇಕು.

ಮೂತಿ ಚೂಪಾಗಿರಬೇಕೋ, ಚಪ್ಪಟೆಯಾಗಿರಬೇಕೋ?

ಮುಂದೆಯೂ ಹಿಂದಿನಂತೆ ಅಡ್ಡಹಲಗೆ ಇರುವ ಚಪ್ಪಟೆ ಮೂತಿಯ ದೋಣಿಗೆ ಪ್ರ್ಯಾಮ್ ಎನ್ನುತ್ತಾರೆ. ಅಷ್ಟೇ ಉದ್ದದ ಚೂಪುಮೂತಿಯ ದೋಣಿಗಿಂತ ಅದು ಹೆಚ್ಚು ಭಾರ ಹೊರುತ್ತದೆ, ಏಕೆಂದರೆ ಚೂಪುಮೂತಿಯ ಮುಂದಿನ ಅರ್ಧ ಮೀಟರಿನಲ್ಲಿ ತೇಲುವ ಶಕ್ತಿ ಕಡಿಮೆ. ಸಣ್ಣ ತೀವ್ರ ಅಲೆಗಳಲ್ಲಿ ಪ್ರ್ಯಾಮಿನ ಮುಂದಿನ ಹಲಗೆ ನೀರಿಗೆ ಬಡಿದು ತುಂತುರು ಹಾರಿಸುತ್ತದೆ. ಆ ಹಲಗೆ ತಕ್ಕಷ್ಟು ಮೇಲಿದ್ದು, ತಳ ಅದರ ಕಡೆಗೆ ಚೆನ್ನಾಗಿ ಬಾಗಿ ಏರಿದ್ದರೆ ಈ ತೊಂದರೆ ಸಹಿಸುವಷ್ಟಿರುತ್ತದೆ. 2.5 ಮೀಟರಿನ ಒಳಗೆ ಪ್ರ್ಯಾಮ್, 2.8 ಮೀಟರಿನ ಮೇಲೆ ಚೂಪುಮೂತಿ ಎಂಬುದು ನನ್ನ ಸಲಹೆ.

ಎಷ್ಟು ಜನ ಕೂರಬಹುದು?

ಅಮೆರಿಕದ ಕರಾವಳಿ ರಕ್ಷಣಾ ಪಡೆ ಸಣ್ಣ ದೋಣಿಗಳಿಗೆ ಹೇಳುವ ಸರಳ ಸೂತ್ರವೊಂದಿದೆ: ಉದ್ದವನ್ನೂ ಅಗಲವನ್ನೂ ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಬೇಕು. ಮೀಟರಿನಲ್ಲಿ ಲೆಕ್ಕ ಹಾಕುವುದಾದರೆ ಸುಮಾರು 1.4ರಿಂದ ಭಾಗಿಸಿದರೆ ಸಾಕು. 2.4 ಮೀಟರ್ ಉದ್ದ, 1.2 ಮೀಟರ್ ಅಗಲದ ಡಿಂಗಿಗೆ ಉತ್ತರ ಎರಡು, 3.3 ಮೀಟರ್ ಉದ್ದ, 1.35 ಮೀಟರ್ ಅಗಲದ್ದಕ್ಕೆ ಮೂರು. ಇದು ಶಾಂತ ನೀರಿನ ಲೆಕ್ಕ ಎಂಬುದನ್ನು ಮರೆಯಬಾರದು.

ಸೂತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ನೀರಿನ ಮಟ್ಟದಿಂದ ಅಂಚಿನವರೆಗೆ ಉಳಿಯುವ ಎತ್ತರ. 2.4 ಮೀಟರಿನ ಡಿಂಗಿ ನೀರಿನ ಮೇಲೆ ಆವರಿಸುವ ಜಾಗ ಸುಮಾರು ಒಂದೂವರೆ ಚದರ ಮೀಟರು, ಆದ್ದರಿಂದ ಪ್ರತಿ 15 ಕಿಲೋ ಭಾರಕ್ಕೂ ಅದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮುಳುಗುತ್ತದೆ. 75 ಕಿಲೋ ತೂಕದ ಒಬ್ಬರು ಹತ್ತಿದರೆ 5 ಸೆಂಟಿಮೀಟರ್ ಕಡಿಮೆಯಾಯಿತು. 20 ಲೀಟರಿನ ನಾಲ್ಕು ನೀರಿನ ಡಬ್ಬಿಗಳಿಂದಲೂ ಅಷ್ಟೇ. ಎಲ್ಲರೂ ಕುಳಿತು ಎಲ್ಲ ಸಾಮಾನನ್ನೂ ಇಟ್ಟ ಮೇಲೆ ನೀರಿನಿಂದ ಅಂಚಿನವರೆಗೆ 20 ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ಎರಡು ಸಲ ಹೋಗಿಬರುವುದೇ ಒಳ್ಳೆಯದು. ಸಮಯ ಹಿಡಿಯುತ್ತದೆ, ಆದರೆ ಎಲ್ಲರೂ ಒಣಗಿದ ಬಟ್ಟೆಯಲ್ಲಿ ದಡ ಸೇರುತ್ತಾರೆ.

ಯಾವ ವಸ್ತುವಿನಿಂದ ಮಾಡಿದ್ದು ಉತ್ತಮ?

ಪ್ಲೈವುಡ್ ಮತ್ತು ಎಪಾಕ್ಸಿ ಎಂಬ ಅಂಟುರಾಳ ಸೇರಿಸಿ ಮಾಡಿದ ಡಿಂಗಿ ತೂಕ, ಗಟ್ಟಿತನ, ದುರಸ್ತಿ ಈ ಮೂರನ್ನೂ ಒಟ್ಟಾಗಿ ನೋಡಿದಾಗ ಬಹಳ ಮುಂದೆ ನಿಲ್ಲುತ್ತದೆ. ಒಕುಮೆ ಮರದ 6 ಮಿ.ಮೀ. ದಪ್ಪದ ಪೂರ್ತಿ ಹಾಳೆ 8–9 ಕಿಲೋ ತೂಗುತ್ತದೆ, 4 ಮಿ.ಮೀ. ಹಾಳೆ 6 ಕಿಲೋಗಿಂತ ಸ್ವಲ್ಪ ಕಡಿಮೆ, 2.4 ಮೀಟರಿನ ಪ್ರ್ಯಾಮಿಗೆ ಇಂಥ ಮೂರು ಹಾಳೆಗಳು ಸಾಲುತ್ತವೆ. ಆದ್ದರಿಂದ ಮಿತವಾಗಿ ಎಪಾಕ್ಸಿ ಬಳಸಿದವರ ದೋಣಿ 30 ಕಿಲೋ ಆಸುಪಾಸಿನಲ್ಲೇ ಮುಗಿಯುತ್ತದೆ. ಕೊಳ್ಳುವ ಪ್ಲೈವುಡ್ ಬಿಎಸ್ 1088 ಎಂಬ ಕಡಲ ಗುಣಮಟ್ಟದ್ದಾಗಿರಲಿ. ಇದರ ವೈರಿ ನೀರಲ್ಲ, ಹಲಗೆಯ ತೆರೆದ ಅಂಚು. ಒಂದು ಕಡೆ ಬಣ್ಣ ಕೆರೆದುಹೋಗಿ ಮರ ಕಾಣಿಸಿದರೆ ಅಲ್ಲಿಂದ ನೀರು ಪದರಗಳೊಳಗೆ ಹರಿದು ಕೊಳೆಸುತ್ತದೆ. ವಾರಕ್ಕೊಮ್ಮೆ ತಳವನ್ನು ನೋಡಿ, ಗೀರುಗಳನ್ನು ಅಂದೇ ಮುಚ್ಚುವ ಅಭ್ಯಾಸ ಇರುವವರಿಗೆ ಇದು ದಶಕಗಳ ಸಂಗಾತಿ. ಎಪಾಕ್ಸಿಗೆ ಬಿಸಿಲು ಆಗದು. ಅದರ ಮೇಲೆ ಬಣ್ಣ ಅಥವಾ ನೇರಳಾತೀತ ಕಿರಣ ತಡೆಯುವ ವಾರ್ನಿಷ್ ಇರಲೇಬೇಕು.

ಬರಿಯ ಫೈಬರ್‌ಗ್ಲಾಸಿನ ಹಳೆಯ ಕಾಲದ ಡಿಂಗಿಗಳು ಗಟ್ಟಿಯಾಗಿವೆ, ಅಂದವಾಗಿ ಹುಟ್ಟಿಗೆ ಓಡುತ್ತವೆ, ಆದರೆ 2.4 ಮೀಟರಿನದೇ 45–60 ಕಿಲೋ ತೂಗಬಹುದು. ಎರಡು ತೆಳುವಾದ ಫೈಬರ್ ಪದರಗಳ ನಡುವೆ ನೊರೆಹಲಗೆ ಇಟ್ಟು, ನಿರ್ವಾತದಲ್ಲಿ ರಾಳ ಹೀರಿಸಿ ಮಾಡಿದ ಈಚಿನ ದೋಣಿಗಳಲ್ಲಿ ಆ ತೂಕ ಬಹಳಷ್ಟು ಇಳಿದಿದೆ. ಕಾರ್ಬನ್ ನಾರು ಬಳಸಿದರೆ ಇನ್ನೂ ಇಳಿಯುತ್ತದೆ. ಇವುಗಳ ಚರ್ಮ ತೆಳು. ಚೂಪಾದ ಕಲ್ಲಿನ ಮೇಲೆ ಭಾರ ತುಂಬಿ ಎಳೆದರೆ ಚರ್ಮ ಹರಿದು ಒಳಗಿನ ನೊರೆಗೆ ನೀರು ಸೇರುತ್ತದೆ. ಕೊಳ್ಳುವುದಾದರೆ ತಳದ ನಡುವೆ ಉದ್ದಕ್ಕೂ ಇರುವ ಏಣಿನ (ಕೀಲ್) ಕೆಳಗೆ ಬದಲಾಯಿಸಬಹುದಾದ ಸವೆತಪಟ್ಟಿ ಇದೆಯೇ ಎಂದು ಮೊದಲು ನೋಡಿ.

ಅಚ್ಚಿನಲ್ಲಿ ತಿರುಗಿಸಿ ಕರಗಿಸಿ ಮಾಡುವ ಪಾಲಿಎಥಿಲೀನ್ ದೋಣಿ ಹೊಡೆತವನ್ನು ಚೆನ್ನಾಗಿ ತಡೆಯುತ್ತದೆ ಮತ್ತು ನೀರಿಗಿಂತ ಹಗುರವಾದ ವಸ್ತುವಾದ್ದರಿಂದ ಒಡಲು ತಾನಾಗಿ ಮುಳುಗದು. ಆದರೆ ಆ ವಸ್ತು ಬಾಗುವಂಥದ್ದು, ಬಾಗದಿರಲು ದಪ್ಪ ಬೇಕು, ದಪ್ಪವಾದರೆ ಭಾರ. ಬಿರುಕು ಬಿಟ್ಟರೆ ಎಪಾಕ್ಸಿ ಅದಕ್ಕೆ ಅಂಟುವುದಿಲ್ಲ. ಅದೇ ಪ್ಲಾಸ್ಟಿಕ್ಕನ್ನು ಕಾಯಿಸಿ ಬೆಸೆಯಬೇಕು. ಇದರಿಂದಾಗಿ ‘ಹಗುರ’ ಎಂಬ ಮಾತಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ.

ಅಲ್ಯುಮಿನಿಯಂ ಹಗುರವೂ ಹೌದು, ಗಟ್ಟಿಯೂ ಹೌದು, ಆದರೆ ಸದ್ದು ಮಾಡುತ್ತದೆ, ಬಿಸಿಲಿಗೆ ಕಾಯುತ್ತದೆ, ತಾಯಿದೋಣಿಗೆ ತಾಗಿದರೆ ಗುರುತು ಬಿಡುತ್ತದೆ. ಉಕ್ಕಿನ ತಿರುಪುಗಳನ್ನು ಅದಕ್ಕೆ ನೇರವಾಗಿ ಹಾಕಿದಲ್ಲಿ ಉಪ್ಪುನೀರು ಸೇರಿ ಲೋಹ ತಿಂದುಹೋಗುತ್ತದೆ.

ಎರಡು ತುಂಡಾಗುವ ಡಿಂಗಿಯನ್ನು ನಂಬಬಹುದೇ?

ನಂಬಬಹುದು. ದೋಣಿಯ ನಡುವೆ ಅಡ್ಡಗೋಡೆಗಳೆರಡನ್ನು ಬೆನ್ನಿಗೆ ಬೆನ್ನು ತಾಗಿಸಿ, ಬೋಲ್ಟುಗಳಿಂದ ಬಿಗಿದಿರುತ್ತಾರೆ. ಬಿಚ್ಚಿದಾಗ ಮುಂದಿನ ತುಂಡು ಹಿಂದಿನ ತುಂಡಿನೊಳಗೆ ಬಟ್ಟಲಲ್ಲಿ ಬಟ್ಟಲಿಟ್ಟಂತೆ ಕೂರುತ್ತದೆ. ಹೀಗೆ 3.3 ಮೀಟರಿನ ದೋಣಿ ಡೆಕ್ಕಿನ ಮೇಲೆ 2 ಮೀಟರಿಗಿಂತ ಕಡಿಮೆ ಜಾಗ ಹಿಡಿಯುತ್ತದೆ. ಒಂದೊಂದು ತುಂಡೂ ಇಡೀ ದೋಣಿಯ ಅರ್ಧದಷ್ಟೇ ತೂಗುವುದರಿಂದ ಒಬ್ಬರೇ ಎತ್ತಬಹುದು ಎಂಬುದು ಇದರ ದೊಡ್ಡ ಲಾಭ. ಸಣ್ಣ ಡೆಕ್ಕಿನವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಎರಡನೆಯ ಗೋಡೆ, ಬೋಲ್ಟು, ರಬ್ಬರು ಪಟ್ಟಿ ಸೇರಿ ತೂಕ ಕೆಲವು ಕಿಲೋ ಏರುತ್ತದೆ, ಜೋಡಿಸಲು ಹತ್ತು ನಿಮಿಷ ಬೇಕು. ಕೊಳ್ಳುವ ಮುನ್ನ ನೀರಿನಲ್ಲಿ ತೇಲುತ್ತಿರುವಾಗಲೇ ಎರಡನ್ನೂ ಜೋಡಿಸಿ ನೋಡಿ. ಡೆಕ್ಕಿನ ಮೇಲೆ ಪೂರ್ತಿ ದೋಣಿಯನ್ನು ಬಿಡಿಸಿಡಲು ಜಾಗವಿಲ್ಲದಿದ್ದರೆ ನೀರಿನಲ್ಲಿಯೇ ಜೋಡಿಸಬೇಕಾಗುತ್ತದೆ, ಆಗ ಬೋಲ್ಟಿನ ತೂತುಗಳು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಒಳಗೆ ನೀರು ಬರುತ್ತದೆ. ಕೈತಪ್ಪಿ ಬೀಳದಂತೆ ಪ್ರತಿ ಬೋಲ್ಟಿಗೂ ಒಂದು ದಾರ ಕಟ್ಟಿರಲಿ.

ನಾನೇ ಕಟ್ಟಿಕೊಳ್ಳಬಹುದೇ?

ಮರಗೆಲಸದ ತರಬೇತಿ ಇಲ್ಲದವರೂ ಕಟ್ಟಬಹುದು ಎಂಬುದನ್ನು ಮಿರರ್ ಡಿಂಗಿ ತೋರಿಸಿಕೊಟ್ಟಿತು. 1962ರಲ್ಲಿ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ ಈ ದೋಣಿಯ ಪ್ಲೈವುಡ್ ಹಲಗೆಗಳನ್ನು ಅಂಚಿನಲ್ಲಿ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿಯನ್ನೂ ರಾಳವನ್ನೂ ಹಚ್ಚುತ್ತಿದ್ದರು. ಅಂಥ 70 ಸಾವಿರಕ್ಕೂ ಹೆಚ್ಚು ದೋಣಿಗಳು ತಯಾರಾದವು, ಬಹುಪಾಲು ಮನೆಗಳಲ್ಲಿಯೇ. ಇಂದಿನ ಡಿಂಗಿ ಕಿಟ್ಟುಗಳಲ್ಲಿ ಹಲವು ಇದೇ ಹೊಲಿದು ಅಂಟಿಸುವ ಕ್ರಮವನ್ನು ಎಪಾಕ್ಸಿಯೊಡನೆ ಅನುಸರಿಸುತ್ತವೆ.

ಎಪಾಕ್ಸಿಯ ಅಳತೆ ಕರಾರುವಾಕ್ಕಾಗಿರಬೇಕು, ಕೈಗವಸು ಇಲ್ಲದೆ ಮುಟ್ಟಬಾರದು. ಒಮ್ಮೆ ಚರ್ಮಕ್ಕೆ ಅಲರ್ಜಿ ಹಿಡಿದರೆ ಅದು ಜೀವನಪರ್ಯಂತ ಕಾಡಬಹುದು. ಹೊಸಬರು ಮಾಡುವ ಸಾಮಾನ್ಯ ತಪ್ಪು, ‘ಇನ್ನೂ ಸ್ವಲ್ಪ ಗಟ್ಟಿಯಾಗಲಿ’ ಎಂದು ಪದರದ ಮೇಲೆ ಪದರ ಹಚ್ಚುತ್ತ ಹೋಗಿ, 30 ಕಿಲೋಗೆ ಮುಗಿಯಬೇಕಾದ ದೋಣಿಯನ್ನು 40ಕ್ಕೆ ಏರಿಸುವುದು. ರಚನಕಾರರು ಹೇಳಿದಷ್ಟನ್ನೇ ಹಚ್ಚಿ, ಹೆಚ್ಚಿನದನ್ನು ಒರೆಸಿ ತೆಗೆಯಿರಿ.

ಹತ್ತುವಾಗ ಅಲುಗಾಡುತ್ತದೆಯಲ್ಲ, ಅಪಾಯವಲ್ಲವೇ?

ಹಗುರವಾದ ಗಟ್ಟಿ ಡಿಂಗಿಯನ್ನು ನಡುವೆಯೇ ಕಾಲಿಟ್ಟು, ಬಗ್ಗಿ, ಒಂದು ಕೈ ತಾಯಿದೋಣಿಯ ಮೇಲಿರುವಂತೆ ಹತ್ತಬೇಕು. ಅಂಚಿನ ಮೇಲೆ ಹೆಜ್ಜೆ ಇಟ್ಟರೆ ಅದು ಮಗುಚುತ್ತದೆ. ಅಗಲವಾದ, ಹೆಚ್ಚುಕಡಿಮೆ ಚಪ್ಪಟೆ ತಳದ ದೋಣಿ ಮೊದಲ ಹೆಜ್ಜೆಗೆ ಹೆಚ್ಚು ಸ್ಥಿರವಾಗಿರುತ್ತದೆ, ದುಂಡು ತಳದ್ದು ಹುಟ್ಟಿಗೆ ಹಗುರವಾಗಿ ಓಡುತ್ತದೆ. ಮೊಣಕಾಲು ನೋವಿನವರು, ವಯಸ್ಸಾದವರು, ಈಜಿ ಬಂದು ಹತ್ತುವ ಮಕ್ಕಳು ಇದ್ದರೆ ತಳ ಅಗಲವಿರುವುದನ್ನೇ ಆರಿಸಿ. ಕೆಲವು ಡಿಂಗಿಗಳ ಅಂಚಿಗೆ ಗಾಳಿ ತುಂಬಿದ ಅಥವಾ ನೊರೆಯ ಕೊಳವೆ ಕಟ್ಟುವ ವ್ಯವಸ್ಥೆಯೂ ಇದೆ. ಅದರಿಂದ ಸ್ಥಿರತೆ ಬಹಳ ಹೆಚ್ಚುತ್ತದೆ.

ಹುಟ್ಟುಗಳ ಉದ್ದವನ್ನು ಹೇಗೆ ನಿರ್ಧರಿಸುವುದು?

ಡಿಂಗಿಯ ಜೊತೆಗೆ ಬರುವ ಹುಟ್ಟುಗಳು ಬಹುತೇಕ ಗಿಡ್ಡವಾಗಿರುತ್ತವೆ, ಮತ್ತು ‘ಈ ದೋಣಿ ಹುಟ್ಟಿಗೆ ಒಗ್ಗುವುದಿಲ್ಲ’ ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಇದೇ ಕಾರಣ. ಎರಡು ಬದಿಯ ಹುಟ್ಟುಕೊಂಡಿಗಳ ನಡುವಿನ ಅಂತರವನ್ನು ಅಳೆದು, ಅದರ ಅರ್ಧಕ್ಕೆ 5 ಸೆಂಟಿಮೀಟರ್ ಸೇರಿಸಿ, ಬಂದದ್ದನ್ನು 7ರಿಂದ ಭಾಗಿಸಿ 25ರಿಂದ ಗುಣಿಸಿದರೆ ಹುಟ್ಟಿನ ಉದ್ದ ಸಿಗುತ್ತದೆ. ಅಂತರ 110 ಸೆಂಟಿಮೀಟರಾದರೆ ಉತ್ತರ ಸುಮಾರು 214 ಸೆಂಟಿಮೀಟರು. ಅಷ್ಟು ಉದ್ದದ್ದು 2.4 ಮೀಟರಿನ ಡಿಂಗಿಯೊಳಗೆ ಮಲಗುತ್ತದೆ. ಅದಕ್ಕಿಂತ ಚಿಕ್ಕ ದೋಣಿಯವರು ನಡುವೆ ಬಿಚ್ಚುವ ಹುಟ್ಟನ್ನು ತರಿಸಿಕೊಳ್ಳಬಹುದು.

ಕೊಂಡಿಗಳ ಸ್ಥಾನವೂ ಅಷ್ಟೇ ಮುಖ್ಯ. ಆಸನದ ಹಿಂದಂಚಿನಿಂದ ದೋಣಿಯ ಹಿಂಭಾಗದ ಕಡೆಗೆ ಸುಮಾರು 30 ಸೆಂಟಿಮೀಟರ್ ದೂರದಲ್ಲಿ, ಆಸನದ ಮಟ್ಟದಿಂದ 18–20 ಸೆಂಟಿಮೀಟರ್ ಎತ್ತರದಲ್ಲಿ ಅವು ಇದ್ದರೆ ಕೈ ಮೊಣಕಾಲಿಗೆ ಬಡಿಯುವುದಿಲ್ಲ. ಹಿಂದೆ ಒಬ್ಬರು ಕುಳಿತಾಗ ಹುಟ್ಟು ಹಾಕುವವರು ಮುಂದಕ್ಕೆ ಸರಿಯಬೇಕಾಗುವುದರಿಂದ ಎರಡು ಜೊತೆ ಕೊಂಡಿ ತೂತುಗಳಿರುವ ದೋಣಿಯನ್ನೇ ಹುಡುಕಿ. ಪಾದ ಒತ್ತಿ ಹಿಡಿಯಲು ಒಂದು ಅಡ್ಡಪಟ್ಟಿ ಇರಲಿ. ಅದಿಲ್ಲದೆ ಬೆನ್ನಿನ ಬಲ ಹುಟ್ಟಿಗೆ ಇಳಿಯುವುದಿಲ್ಲ. ಹಿಂದೆ, ತಳದಲ್ಲಿ, ಒಂದು ಸಣ್ಣ ರೆಕ್ಕೆಹಲಗೆ ಇದ್ದರೆ ದೋಣಿ ನೇರವಾಗಿ ಸಾಗುತ್ತದೆ. ಇಷ್ಟೆಲ್ಲ ಸರಿಯಿದ್ದಲ್ಲಿ ಸಾಧಾರಣ ಆರೋಗ್ಯದ ಯಾರಾದರೂ ಎರಡೂವರೆ ನಾಟ್ (ಗಂಟೆಗೆ ಎರಡೂವರೆ ನಾವಿಕ ಮೈಲಿ) ವೇಗದಲ್ಲಿ ಅರ್ಧ ಗಂಟೆ ಹುಟ್ಟು ಹಾಕಬಹುದು, ಎಂದರೆ ಒಂದು ನಾವಿಕ ಮೈಲಿಗಿಂತ ಹೆಚ್ಚು ದೂರ.

ಎಂಜಿನ್ ಎಷ್ಟು ದೊಡ್ಡದಿರಬೇಕು?

ಚಿಕ್ಕದು. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಮೀಟರೋ ಅದರ ವರ್ಗಮೂಲವನ್ನು 2.43ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 2.2 ಮೀಟರಿಗೆ 3.6 ನಾಟ್, 3.1 ಮೀಟರಿಗೆ 4.3 ನಾಟ್. ಅದಕ್ಕಿಂತ ಹೆಚ್ಚು ಶಕ್ತಿ ಕೊಟ್ಟರೆ ಪುಟ್ಟ ಡಿಂಗಿ ಹಿಂಬದಿ ಕುಸಿದು ಮೂತಿಯನ್ನು ಆಕಾಶಕ್ಕೆತ್ತುತ್ತದೆಯೇ ಹೊರತು ಮುಂದೆ ಓಡುವುದಿಲ್ಲ. ಎದುರುಗಾಳಿಗೂ ಸೇರಿಸಿ 2ರಿಂದ 3 ಅಶ್ವಶಕ್ತಿ ಧಾರಾಳ. ಅಂಥ ನಾಲ್ಕು ಸ್ಟ್ರೋಕಿನ ಎಂಜಿನ್ 13ರಿಂದ 18 ಕಿಲೋ ತೂಗುತ್ತದೆ. ಬ್ಯಾಟರಿ ಸೇರಿದ ವಿದ್ಯುತ್ ಎಂಜಿನ್ನೂ ಅಷ್ಟೇ, ಆದರೆ ಅದನ್ನು ಎರಡು ಭಾಗವಾಗಿ ಎತ್ತಬಹುದು. ಒಬ್ಬರೇ ಹೋಗುವಾಗ ಹಿಂದೆ ಎಂಜಿನ್ ಜೊತೆ ನೀವೂ ಕುಳಿತರೆ ಮೂತಿ ಮೇಲೇಳುತ್ತದೆ, ಆದ್ದರಿಂದ ಹಿಡಿಕೆಗೆ ಒಂದು ಉದ್ದನೆಯ ಕೊಳವೆ ಸೇರಿಸಿ ನಡುವಿನ ಆಸನದಲ್ಲಿ ಕೂರಿ. ಎಂಜಿನ್ ನಿಲ್ಲಿಸುವ ಸುರಕ್ಷಾದಾರ ಮಣಿಕಟ್ಟಿಗೆ ಕಟ್ಟಿರದೆ ಹೊರಡಬೇಡಿ.

ಹಾಯಿ ಬೇಕೇ?

ಮಕ್ಕಳಿದ್ದರೆ ಖಂಡಿತ ಬೇಕು. ದೋಣಿಯೊಳಗೆ ಮಲಗುವಷ್ಟು ಗಿಡ್ಡನೆಯ ಕಂಬದ, ತಂತಿಗಳ ಆಸರೆ ಬೇಡದ, ನಾಲ್ಕು ಮೂಲೆಯ ಲಗ್ ಹಾಯಿ ಡಿಂಗಿಗೆ ಹೇಳಿಮಾಡಿಸಿದಂತಿದೆ. ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಕೆಳಕ್ಕಿಳಿಸುವ ನಡುಹಲಗೆಯ ಗೂಡು ಒಳಗಿನ ಜಾಗವನ್ನು ತಿನ್ನುತ್ತದೆ ಎಂಬುದೊಂದೇ ಕೊರತೆ.

ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದಲ್ಲವೇ? ಹಿಂಬದಿಯ ಡೇವಿಟ್ ಎಂಬ ಎತ್ತುಕಂಬಗಳಿಗೆ ತೂಗುಹಾಕಿದರೆ?

ಕೊಲ್ಲಿಯೊಳಗೆ, ಒಂದು ತಾಣದಿಂದ ಪಕ್ಕದ ತಾಣಕ್ಕೆ, ಒಳ್ಳೆಯ ಹವೆಯಲ್ಲಿ ಎಳೆಯಬಹುದು. ಎಂಜಿನ್, ಹುಟ್ಟು, ಡಬ್ಬಿ ಎಲ್ಲವನ್ನೂ ಹೊರತೆಗೆದು, ಮೂತಿಯ ಕೆಳಭಾಗದಲ್ಲಿರುವ ಭದ್ರವಾದ ಬಳೆಗೆ ತೇಲುವ ಹಗ್ಗ ಕಟ್ಟಿ, ತಾಯಿದೋಣಿ ಎಬ್ಬಿಸುವ ಅಲೆಯ ಮುಂದಿನ ಇಳಿಜಾರಿನಲ್ಲಿ ಡಿಂಗಿ ನಿಲ್ಲುವಂತೆ ಉದ್ದವನ್ನು ಹೊಂದಿಸಿದರೆ ಎಳೆತ ಕಡಿಮೆಯಾಗುತ್ತದೆ. ಲಂಗರು ಹಾಕುವ ಮುನ್ನ ಹಗ್ಗವನ್ನು ಗಿಡ್ಡ ಮಾಡಿ, ಇಲ್ಲದಿದ್ದರೆ ಹಿಮ್ಮುಖವಾಗಿ ಚಲಿಸುವಾಗ ಅದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ತೆರೆದ ಕಡಲಿನಲ್ಲಿ ಎಳೆಯಬೇಡಿ. ಹಿಂದಿನಿಂದ ಬರುವ ಅಲೆ ಡಿಂಗಿಯನ್ನು ಎತ್ತಿ ತಾಯಿದೋಣಿಯ ಹಿಂಬದಿಗೆ ಹೊಡೆಯುತ್ತದೆ, ಇಲ್ಲವೇ ಅದು ಮಗುಚಿ ನೀರು ತುಂಬಿಕೊಳ್ಳುತ್ತದೆ. 2.4 ಮೀಟರಿನ ಡಿಂಗಿ ಅಂಚಿನವರೆಗೆ ತುಂಬಿದರೆ ಒಳಗಿನ ನೀರೇ ಸುಮಾರು ಅರ್ಧ ಟನ್. ಆ ಭಾರಕ್ಕೆ ಹಗ್ಗ ಅಥವಾ ಬಳೆ ಕಿತ್ತುಬರುತ್ತದೆ, ಡಿಂಗಿ ಕತ್ತಲಲ್ಲಿ ಹಿಂದೆ ಉಳಿಯುತ್ತದೆ.

ಡೇವಿಟ್‌ಗಳಿಗೂ ಅದೇ ಅರ್ಧ ಟನ್ನಿನ ಲೆಕ್ಕ ಅನ್ವಯಿಸುತ್ತದೆ. ಕರಾವಳಿಯ ಯಾನಕ್ಕೆ ಅವು ಬಹಳ ಅನುಕೂಲ. ಪ್ರತಿ ಸಂಜೆ ಡಿಂಗಿಯನ್ನು ನೀರಿನಿಂದ ಮೇಲೆತ್ತಿಡುವ ಅಭ್ಯಾಸ ಅವುಗಳಿಂದಾಗಿ ಬೆಳೆಯುತ್ತದೆ, ಕಳ್ಳತನವೂ ತಪ್ಪುತ್ತದೆ, ತಳಕ್ಕೆ ಚಿಪ್ಪು ಹಿಡಿಯುವುದೂ ತಪ್ಪುತ್ತದೆ. ತಳದ ಬಿರಡೆಯನ್ನು ತೆಗೆದಿಟ್ಟಿರಬೇಕು, ಇಲ್ಲದಿದ್ದರೆ ಒಂದು ರಾತ್ರಿಯ ಮಳೆಯೇ ಅದನ್ನು ತುಂಬಿಸುತ್ತದೆ. ಆದರೆ ಸಾಗರ ದಾಟುವಾಗ ಹಿಂದಿನಿಂದ ಒಂದೇ ಒಂದು ದೊಡ್ಡ ಅಲೆ ಅದರೊಳಗೆ ಬಿದ್ದರೆ ಬಿರಡೆಯ ತೂತಿನಿಂದ ನೀರು ಇಳಿದುಹೋಗುವ ಮೊದಲೇ ಕಂಬಗಳು ಬಾಗಿರುತ್ತವೆ. ದೂರಯಾನಕ್ಕೆ ಡಿಂಗಿಯ ಜಾಗ ಡೆಕ್ಕಿನ ಮೇಲೆಯೇ, ಕವುಚಿ, ನಾಲ್ಕು ಕಡೆ ಕಟ್ಟಿ. ಕಟ್ಟುವ ಕೊಂಡಿಗಳನ್ನು ಡೆಕ್ಕಿನ ಕೆಳಗೆ ಹಲಗೆಯ ಆಸರೆ ಕೊಟ್ಟು ಬೋಲ್ಟು ಹಾಕಿ ಬಿಗಿಯಿರಿ. ತಿರುಪು ಮೊಳೆ ಸಾಲದು.

ಡೆಕ್ಕಿನ ಮೇಲಕ್ಕೆ ಎತ್ತುವುದು ಹೇಗೆ?

ಹಾಯಿ ಏರಿಸುವ ಬಿಡುವಾದ ಹಗ್ಗವೊಂದನ್ನು ಬಳಸಿ. ಡಿಂಗಿಯ ಮೂತಿಯಿಂದ ಒಂದು, ಹಿಂಬದಿಯ ಎರಡು ಮೂಲೆಗಳಿಂದ ಎರಡು, ಹೀಗೆ ಮೂರು ಹಗ್ಗಗಳನ್ನು ಒಂದು ಬಳೆಗೆ ಸೇರಿಸಿ, ಎತ್ತಿದಾಗ ಡಿಂಗಿ ಮಟ್ಟವಾಗಿ ತೂಗುವಂತೆ ಉದ್ದಗಳನ್ನು ಒಮ್ಮೆ ಹೊಂದಿಸಿಟ್ಟರೆ ಸದಾಕಾಲಕ್ಕೂ ಆಯಿತು. 35 ಕಿಲೋವಿನ ಡಿಂಗಿಯನ್ನು ಕಂಬದ ಮೇಲಿನ ವಿಂಚ್ ಎಂಬ ಹಗ್ಗ ಎಳೆಯುವ ರಾಟೆಯಿಂದ ಒಬ್ಬರು ಎತ್ತುತ್ತಿದ್ದರೆ ಇನ್ನೊಬ್ಬರು ಅದು ಬದಿಗೆ ಬಡಿಯದಂತೆ ಹಿಡಿದುಕೊಳ್ಳಬಹುದು. ಮಗುಚುವುದನ್ನು ಸುರಕ್ಷತಾ ತಂತಿಗಳ ಮೇಲೆ ದಾಟಿಸಿ ಡೆಕ್ಕಿಗೆ ಇಳಿಸಿದ ಬಳಿಕವೇ ಮಾಡಿ.

ಮುಳುಗದಂತೆ ಎಷ್ಟು ತೇಲುಶಕ್ತಿ ಇರಬೇಕು?

ಮುಳುಗದಿರುವುದು ಒಂದು, ನೀರು ತುಂಬಿದ ಮೇಲೂ ಮೊಗೆದು ಖಾಲಿ ಮಾಡಲು ಆಗುವುದು ಇನ್ನೊಂದು. ಗಾಳಿ ತುಂಬಿದ ಪ್ರತಿ 100 ಲೀಟರಿನ ಮುಚ್ಚಿದ ಕೋಣೆ ಸುಮಾರು 100 ಕಿಲೋ ಭಾರವನ್ನು ಎತ್ತಿಹಿಡಿಯುತ್ತದೆ. ಫೈಬರ್‌ಗ್ಲಾಸಿನ ಒಡಲನ್ನೂ ಸಣ್ಣ ಎಂಜಿನ್ನನ್ನೂ ಅಂಚಿಗೆ ಜೋತುಬಿದ್ದ ಇಬ್ಬರನ್ನೂ ತೇಲಿಸಲು ಅಷ್ಟು ಸಾಕು. ಆದರೆ ಒಬ್ಬರು ಒಳಗೆ ಕುಳಿತು ನೀರು ಮೊಗೆಯಬೇಕಾದರೆ ಅಂಚುಗಳು ನೀರಿನಿಂದ ಮೇಲಿರಬೇಕು, ಅದಕ್ಕೆ ಇನ್ನಷ್ಟು ಬೇಕು, ಮುಂದೆ ಹಿಂದೆ ಎರಡೂ ಕಡೆ ಹಂಚಿರಬೇಕು. ನಡುಹಲಗೆಯ ಗೂಡಿನ ಬಾಯಿ ಆ ಸ್ಥಿತಿಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಮೊಗೆದಷ್ಟೇ ನೀರು ಅಲ್ಲಿಂದ ಮರಳಿ ಬರುತ್ತದೆ. ಇದನ್ನು ಓದಿ ತಿಳಿಯುವುದಕ್ಕಿಂತ, ಆಳವಿಲ್ಲದ ಬೆಚ್ಚಗಿನ ನೀರಿನಲ್ಲಿ ಡಿಂಗಿಯನ್ನು ಬೇಕೆಂದೇ ಮುಳುಗಿಸಿ ಖಾಲಿ ಮಾಡಿ ನೋಡುವುದು ಅವಶ್ಯ. ದಯವಿಟ್ಟು ಇದನ್ನು ಮುಂದೂಡಬೇಡಿ.

ಡಿಂಗಿಯೇ ಜೀವರಕ್ಷಕ ದೋಣಿಯಾಗಬಲ್ಲದೇ?

1972ರಲ್ಲಿ ಪೆಸಿಫಿಕ್ ಸಾಗರದಲ್ಲಿ ಓರ್ಕಾ ತಿಮಿಂಗಿಲಗಳ ಹೊಡೆತಕ್ಕೆ ಡೂಗಲ್ ರಾಬರ್ಟ್‌ಸನ್ ಅವರ ಲೂಸೆಟ್ ಎಂಬ ಹಾಯಿದೋಣಿ ಮುಳುಗಿತು. ಅದರಲ್ಲಿದ್ದ ಆರು ಜನ ಮೊದಲು ಗಾಳಿ ತುಂಬಿದ ತೆಪ್ಪದಲ್ಲಿ ಉಳಿದರು; ಮೂರನೆಯ ವಾರದಲ್ಲಿ ಆ ತೆಪ್ಪ ಕೆಟ್ಟುಹೋದಾಗ ಆರೂ ಜನ ಎಡ್ನಮೇರ್ ಎಂಬ ತಮ್ಮ ಪುಟ್ಟ ಫೈಬರ್‌ಗ್ಲಾಸ್ ಡಿಂಗಿಗೆ ದಾಟಿ, ಒಟ್ಟು 38 ದಿನಗಳ ಬಳಿಕ ಜಪಾನಿನ ಮೀನುಗಾರಿಕೆ ಹಡಗೊಂದರ ಕಣ್ಣಿಗೆ ಬಿದ್ದರು. ಗಟ್ಟಿ ಡಿಂಗಿಯ ಬಗ್ಗೆ ಗೌರವ ಮೂಡಿಸುವ ಘಟನೆ ಇದು.

ಹಾಗೆಂದು ತೆಪ್ಪವನ್ನು ಬಿಟ್ಟು ಡಿಂಗಿಯನ್ನೇ ನೆಚ್ಚುವುದು ಸರಿಯಲ್ಲ. ತೆಪ್ಪಕ್ಕೆ ಮೇಲ್ಛಾವಣಿ ಇದೆ, ಮಗುಚದಂತೆ ಕೆಳಗೆ ನೀರಿನ ಚೀಲಗಳಿವೆ, ಒಂದು ಹಗ್ಗ ಎಳೆದರೆ ತಾನಾಗಿ ಉಬ್ಬುತ್ತದೆ. ಡಿಂಗಿಯನ್ನು ಜೀವರಕ್ಷಕವಾಗಿಯೂ ರೂಪಿಸಿದ ಮಾದರಿಗಳಿವೆ. ಅವುಗಳಲ್ಲಿ ಛಾವಣಿ, ಮುಚ್ಚಿದ ಕೋಣೆಗಳು ಇದ್ದು ತೂಕ 55 ಕಿಲೋ ದಾಟುತ್ತದೆ. ಎರಡನೆಯ ಆಸರೆಯಾಗಿ ಮಾತ್ರ ಎಣಿಸುವುದಾದರೆ ಯಾವ ಗಟ್ಟಿ ಡಿಂಗಿಯೂ ಯೋಗ್ಯವೇ.

ರಾತ್ರಿಯೆಲ್ಲ ತಾಯಿದೋಣಿಗೆ ಬಡಿಯುತ್ತದೆ, ಏನು ಮಾಡಲಿ?

ಗಾಳಿ ಒಂದು ಕಡೆಯಿಂದ, ನೀರಿನ ಸೆಳೆತ ಇನ್ನೊಂದು ಕಡೆಯಿಂದ ಬಂದಾಗ ಇದು ಆಗುತ್ತದೆ. ಅಂಚಿನ ಸುತ್ತಲೂ ದಪ್ಪ ಹಗ್ಗದ ಅಥವಾ ನೊರೆಯ ಮೆತ್ತೆ ಇರಲಿ, ಮೂಲೆಗಳಲ್ಲಿ ಇನ್ನೂ ದಪ್ಪವಾಗಿರಲಿ. ಆದರೂ ನಿದ್ದೆಗೆ ಉತ್ತಮ ಉಪಾಯವೆಂದರೆ ಅದೇ ಮೂರು ಹಗ್ಗಗಳಿಂದ ಡಿಂಗಿಯನ್ನು ಒಂದು ಮೀಟರ್ ಮೇಲೆತ್ತಿ ಬದಿಗೆ ಕಟ್ಟುವುದು. ಇಲ್ಲಿಯೂ ಹಗುರವಾದದ್ದೇ ಗೆಲ್ಲುತ್ತದೆ: ಎತ್ತುವುದು ಸುಲಭವಾದರೆ ಮಾತ್ರ ದಣಿದ ಸಂಜೆಗಳಲ್ಲೂ ಎತ್ತುತ್ತೀರಿ.

ಹಳೆಯ ಡಿಂಗಿ ಕೊಳ್ಳುವಾಗ ಏನು ನೋಡಬೇಕು?

ತೂಗಿ ನೋಡಿ. ಮನೆಯ ತಕ್ಕಡಿಯ ಮೇಲೆ ಒಂದು ತುದಿಯನ್ನು, ಅಷ್ಟೇ ಎತ್ತರದ ಮಣೆಯ ಮೇಲೆ ಇನ್ನೊಂದು ತುದಿಯನ್ನು ಇಟ್ಟು ಅಂಕಿ ಬರೆದುಕೊಂಡು, ಬಳಿಕ ತುದಿಗಳನ್ನು ಅದಲುಬದಲು ಮಾಡಿ, ಎರಡು ಅಂಕಿಗಳನ್ನು ಕೂಡಿದರೆ ಪೂರ್ತಿ ತೂಕ ಬರುತ್ತದೆ. ಮೂಲ ತೂಕಕ್ಕಿಂತ ಬಹಳ ಹೆಚ್ಚಿದ್ದರೆ ನೊರೆಯೋ ಮರವೋ ನೀರು ಕುಡಿದಿದೆ. ನಾಣ್ಯದಿಂದ ಇಡೀ ತಳವನ್ನು ತಟ್ಟುತ್ತ ಹೋಗಿ. ಟಣ್ ಎನ್ನುವ ಕಡೆ ಗಟ್ಟಿ, ಮಂಕಾದ ಸದ್ದು ಬಂದ ಕಡೆ ಪದರ ಬಿಟ್ಟಿದೆ. ಎಂಜಿನ್ ಕೂರುವ ಹಿಂಬದಿ ಹಲಗೆ, ಹುಟ್ಟುಕೊಂಡಿಗಳ ಸುತ್ತಮುತ್ತ, ಎಳೆಯುವ ಬಳೆಯ ಬುಡ, ಈ ಮೂರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.

ಕತ್ತಲಲ್ಲಿ ಯಾವ ದೀಪ ಇರಬೇಕು?

1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ ಪ್ರಕಾರ, ಹುಟ್ಟು ಹಾಕಿಕೊಂಡು ಹೋಗುವ ದೋಣಿಯವರು ಬಿಳಿ ಬೆಳಕಿನ ಟಾರ್ಚನ್ನಾದರೂ ಕೈಗೆಟಕುವಲ್ಲಿ ಇಟ್ಟುಕೊಂಡು ಘರ್ಷಣೆ ತಪ್ಪಿಸಲು ಸಾಕಷ್ಟು ಮೊದಲೇ ತೋರಿಸಬೇಕು. ಎಂಜಿನ್ ಹಾಕಿದಾಗ, 7 ಮೀಟರಿಗಿಂತ ಚಿಕ್ಕದಾಗಿದ್ದು ಗರಿಷ್ಠ ವೇಗ 7 ನಾಟ್ ಮೀರದ ದೋಣಿ ಸುತ್ತಲೂ ಕಾಣುವ ಒಂದು ಬಿಳಿ ದೀಪವನ್ನು, ಸಾಧ್ಯವಿದ್ದಲ್ಲಿ ಬದಿದೀಪಗಳನ್ನೂ, ಹೊತ್ತರೆ ಸಾಕು. ಆ ಬಿಳಿ ದೀಪವನ್ನು ಕುಳಿತವರ ತಲೆಗಿಂತ ಎತ್ತರದ ಕೋಲಿಗೆ ಕಟ್ಟಿ, ಏಕೆಂದರೆ ಅಂಚಿನ ಮಟ್ಟದಲ್ಲಿಟ್ಟ ದೀಪವನ್ನು ನಿಮ್ಮ ದೇಹವೇ ಮರೆಮಾಡುತ್ತದೆ, ಹಿಂದಿನಿಂದ ವೇಗವಾಗಿ ಬರುತ್ತಿರುವವರಿಗೆ ಅಲ್ಲಿ ಕತ್ತಲೆಯಷ್ಟೇ ಕಾಣುತ್ತದೆ.